ಹಾರುವ ಆಸೆಯೇ? ಮೊದಲು ಭುಜವನ್ನು ಕೇಳಿ

"ಅಮ್ಮ, ಶನಿವಾರ ನಾವು ಹಾರೋಕೆ ಹೋಗ್ತಿದೀವಿ. ಸೀರೆ, ಚೂಡಿದಾರ್ ಏನೂ ಬೇಡ. ಪ್ಯಾಂಟು, ಟೀ ಶರ್ಟ್ ಹಾಕ್ಕೋಬೇಕು."

ಮಗಳು ಹೀಗೆಂದಾಗ ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಹಾರೋದು ಅಂದರೆ ವಿಮಾನ ಇರಬೇಕು, ಊರಿಗೆ ಹೊರಡೋ ದಿನ ಹತ್ತಿರ ಬಂತಲ್ಲ ಅಂದುಕೊಂಡೆ. ಅವಳು ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ದೊಡ್ಡ ಗಾಜಿನ ಕೊಳವೆ. ಅದರೊಳಗೆ ಒಬ್ಬ ಹೆಂಗಸು ಕೈಕಾಲು ಚಾಚಿಕೊಂಡು, ಕೆಳಗೆ ಏನೂ ಆಸರೆಯಿಲ್ಲದೆ ತೇಲುತ್ತಿದ್ದಾಳೆ! ಹಗ್ಗ ಇಲ್ಲ, ಪ್ಯಾರಾಚೂಟ್ ಇಲ್ಲ. ಕೆಳಗಿಂದ ಬರೀ ಗಾಳಿ.

"ಅಯ್ಯೋ, ಐವತ್ನಾಲ್ಕರಲ್ಲಿ ನನಗ್ಯಾಕೆ ಇದೆಲ್ಲಾ" ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಕ್ಕ, "ನಾನು ರೆಡಿ" ಅಂದುಬಿಟ್ಟಳು.

ನಮ್ಮಕ್ಕನೇ ಹಾಗೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಚಿಕ್ಕಂದಿನಲ್ಲಿ ಹಿತ್ತಲಿನ ಸೀಬೆಮರದ ತುದಿ ಕೊಂಬೆ ಅವಳದ್ದು, ಕೆಳಗೆ ಲಂಗ ಒಡ್ಡಿಕೊಂಡು ನಿಲ್ಲುವ ಕೆಲಸ ನನ್ನದು. ಪಂಚಮಿ ಹಬ್ಬದ ಉಯ್ಯಾಲೆಯಲ್ಲಿ ನಿಂತುಕೊಂಡು ಜೀಕುತ್ತಿದ್ದವಳು ಅವಳು. ಹತ್ತೊಂಬತ್ತಕ್ಕೆ ಮದುವೆಯಾಯಿತು. ಆಮೇಲೆ ಅವಳು ಎತ್ತರಕ್ಕೆ ಹತ್ತಿದ್ದು ಅಟ್ಟದ ಮೇಲಿನ ಪಾತ್ರೆ ಇಳಿಸೋಕೆ ಮಾತ್ರ. ಭಾವನ ಜೊತೆ ಎಲ್ಲಿಗೂ ಹೋದವಳಲ್ಲ. ಈ ಸಲ ನಾನು ಸಿಂಗಪುರಕ್ಕೆ ಮಗಳ ಮನೆಗೆ ಹೊರಟಾಗ ಒತ್ತಾಯ ಮಾಡಿ ಜೊತೆಗೆ ಕರೆದುಕೊಂಡು ಬಂದಿದ್ದೆ.

ಹಾರಿದ್ದು ಮಾತ್ರ ನಾನು. ಅಕ್ಕ ಗಾಜಿನ ಆಚೆ ಕೂತಿದ್ದಳು. ಯಾಕೆ ಅಂತ ಹೇಳುವುದಕ್ಕೇ ಈ ಬರಹ. ಈಗ ಮಕ್ಕಳಿರುವ ಊರಿಗೆ ಹೋಗುವ ಅಮ್ಮಂದಿರು, ಅತ್ತೆಯಂದಿರು ಎಷ್ಟೋ ಜನ. ನಾಳೆ ನಿಮ್ಮ ಮಗನೋ ಮಗಳೋ ಇಂಥದ್ದೇ ಟಿಕೆಟ್ ತಂದು ಮುಂದಿಟ್ಟರೆ ನಿಮಗೆ ಉಪಯೋಗಕ್ಕೆ ಬರಬಹುದು.

ಏನಿದು ಗಾಳಿ ಸುರಂಗ?

ಸ್ಕೈಡೈವಿಂಗ್ ಗೊತ್ತಲ್ಲ, ವಿಮಾನದಿಂದ ಜಿಗಿಯುವುದು. ಸುಮಾರು 12 ಸಾವಿರ ಅಡಿ ಮೇಲಿನಿಂದ ಜಿಗಿದವರು ಪ್ಯಾರಾಚೂಟ್ ಬಿಚ್ಚುವ ತನಕ ಮುಕ್ಕಾಲು ನಿಮಿಷದಷ್ಟು ಹೊತ್ತು ಬರೀ ಬೀಳುತ್ತಿರುತ್ತಾರೆ. ಹೊಟ್ಟೆ ಕೆಳಗೆ ಮಾಡಿ ಮಲಗಿದಂತೆ ಬೀಳುವವರ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಆ ವೇಗ ಮುಟ್ಟಿದ ಮೇಲೆ ಅದು ಇನ್ನೂ ಜಾಸ್ತಿಯಾಗುವುದಿಲ್ಲ. ಗಾಳಿಯ ತಡೆ ಮತ್ತು ನಮ್ಮ ಮೈತೂಕ ಎರಡೂ ಸಮಸಮ ಆಗಿಬಿಡುತ್ತವೆ.

ಇದನ್ನೇ ತಿರುಗಾಮುರುಗಾ ಮಾಡಿದರೆ? ಮನುಷ್ಯ ಕೆಳಗೆ ಬೀಳುವ ಬದಲು ಗಾಳಿಯನ್ನೇ ಅಷ್ಟು ವೇಗದಲ್ಲಿ ಮೇಲಕ್ಕೆ ಹಾಯಿಸಿದರೆ? ಆಗ ಬೀಳುವ ಪ್ರಶ್ನೆಯೇ ಇಲ್ಲ, ನಿಂತಲ್ಲೇ ತೇಲಬಹುದು. ನಮ್ಮ ಮನೆಗಳಲ್ಲಿ ಕಾಳು ತೂರುವುದನ್ನು ನೋಡಿದ್ದೀರಲ್ಲ? ಗಾಳಿಗೆ ಹೊಟ್ಟು ಹಾರುತ್ತದೆ, ಕಾಳು ಮೊರದೊಳಗೇ ಬೀಳುತ್ತದೆ. ಗಾಳಿ ಇನ್ನೂ ಜೋರಾದರೆ ಕಾಳೂ ಹಾರಿಹೋಗುತ್ತದೆ. ಸುರಂಗದಲ್ಲಿ ನಾವೇ ಕಾಳು. ಗಾಳಿಯ ವೇಗ ಎರಡರಷ್ಟಾದರೆ ಅದು ನಮ್ಮನ್ನು ನೂಕುವ ಬಲ ನಾಲ್ಕರಷ್ಟಾಗುತ್ತದೆ. ಹಾಗಾಗಿ ಫ್ಯಾನನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೂ ಸಾಕು, ಏಳು ವರ್ಷದ ಮಗುವನ್ನೂ ತೇಲಿಸಬಹುದು, ನನ್ನಂಥ 68 ಕಿಲೋ ಹೆಂಗಸನ್ನೂ ತೇಲಿಸಬಹುದು.

ಫ್ಯಾನು ಕಾಲಡಿ ಇರುತ್ತದೆ ಎಂದು ನಾನು ಹೆದರಿದ್ದೆ. ಹಾಗಿಲ್ಲ. ಈಗಿನ ಸುರಂಗಗಳಲ್ಲಿ ದೊಡ್ಡ ಫ್ಯಾನುಗಳು ಮೇಲೆ ಇರುತ್ತವೆ. ಗಾಳಿಯನ್ನು ಅವು ಮೇಲಕ್ಕೆ ಎಳೆದುಕೊಂಡು, ಪಕ್ಕದ ಕೊಳವೆಗಳಿಂದ ಕೆಳಗಿಳಿಸಿ, ಮತ್ತೆ ಅಡಿಯಿಂದ ಒಳಗೆ ಬಿಡುತ್ತವೆ. ಅಡಿಯಲ್ಲಿ ದಾರಿ ಕಿರಿದಾಗುವುದರಿಂದ ಗಾಳಿಗೆ ವೇಗ ಬರುತ್ತದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದ ಹಾಗೆ. ನಮ್ಮ ಕಾಲಡಿ ಬಿಗಿಯಾಗಿ ಕಟ್ಟಿದ ತಂತಿಬಲೆ ಇರುತ್ತದೆ. ಬಿದ್ದರೂ ಅದರ ಮೇಲೆ.

ಇದು ನಿನ್ನೆ ಮೊನ್ನೆಯ ಆಟವಲ್ಲ. 1964ರಲ್ಲಿ ಅಮೆರಿಕದ ರೈಟ್ ಪ್ಯಾಟರ್ಸನ್ ವಾಯುನೆಲೆಯ ಸುರಂಗದಲ್ಲಿ ಜ್ಯಾಕ್ ಟಿಫನಿ ಎಂಬುವರು ಮೊದಲ ಸಲ ಹೀಗೆ ತೇಲಿದರಂತೆ. ಜನಸಾಮಾನ್ಯರು ಟಿಕೆಟ್ ತೆಗೆದುಕೊಂಡು ಹಾರುವ ಸುರಂಗ 1982ರಲ್ಲಿ ಲಾಸ್ ವೇಗಸ್ಸಿನಲ್ಲಿ ಬಂತು. ನಾವು ಹೋದದ್ದು ಸಿಂಗಪುರದ ಸೆಂಟೋಸಾ ದ್ವೀಪದ ಐಫ್ಲೈಗೆ. 2011ರಲ್ಲಿ ಶುರುವಾದದ್ದು. ಮಾನೋ ರೈಲಿನಲ್ಲಿ ಕೊನೆಯ ಬೀಚ್ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಇದೆ. ಹಾರುವ ಕೋಣೆ ಐದು ಮೀಟರ್ ಅಗಲ, 17 ಮೀಟರ್ ಎತ್ತರ. ಅಂದರೆ ಐದು ಮಹಡಿಯಷ್ಟು. ಗಾಜಿನ ಗೋಡೆಯಾಚೆ ಸಮುದ್ರ ಕಾಣುತ್ತದೆ.

"ಇಲ್ಲ ಅಂತ ಹಾಕು"

ಶುಕ್ರವಾರ ರಾತ್ರಿ ಊಟ ಆದ ಮೇಲೆ ಮಗಳು ಅರ್ಜಿ ತುಂಬುವುದಕ್ಕೆ ಕೂತಳು. ಹೆಸರು, ವಯಸ್ಸು, ಎತ್ತರ, ತೂಕ. ಆಮೇಲೆ ಆರೋಗ್ಯದ ಪ್ರಶ್ನೆಗಳು. ಹೃದಯದ ಕಾಯಿಲೆ ಇದೆಯೇ? ಬೆನ್ನು, ಕುತ್ತಿಗೆ ನೋವು? ಗರ್ಭಿಣಿಯೇ? (ಅದಕ್ಕೆ ಮೂವರೂ ನಕ್ಕೆವು.) ಕೊನೆಗೆ, "ಭುಜದ ಕೀಲು ಎಂದಾದರೂ ತಪ್ಪಿತ್ತೇ?"

ಅಕ್ಕನ ಬಲಭುಜ ಎರಡು ಸಲ ತಪ್ಪಿತ್ತು. ಮೊದಲ ಸಲ ಬಚ್ಚಲುಮನೆಯಲ್ಲಿ ಜಾರಿ ಬಿದ್ದಾಗ, ಹನ್ನೆರಡು ವರ್ಷದ ಹಿಂದೆ. ಎರಡನೇ ಸಲ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಡ್ರೈವರ್ ಬ್ರೇಕ್ ಹಾಕಿದನಲ್ಲ, ಆಗ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

"ಇಲ್ಲ ಅಂತ ಹಾಕು" ಅಂದಳು ಅಕ್ಕ.

"ದೊಡ್ಡಮ್ಮ..." ಮಗಳು ರಾಗ ಎಳೆದಳು.

"ಎಷ್ಟು ವರ್ಷದ ಹಿಂದಿನ ಮಾತು. ಈಗ ಏನೂ ಇಲ್ಲ. ದಿನಾ ಎರಡು ಬಕೆಟ್ ನೀರು ಎತ್ತುತೀನಿ. ಹಾಕು ಇಲ್ಲ ಅಂತ."

ಮಗಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ನಿಜ ಹೇಳಬೇಕೆಂದರೆ ಅಕ್ಕನ ಮೇಲಿನ ಪ್ರೀತಿಯಿಂದ ಸುಮ್ಮನಿದ್ದದ್ದಲ್ಲ. ಅವಳಿಲ್ಲದೆ ನಾನೊಬ್ಬಳೇ ಆ ಕೊಳವೆಯೊಳಗೆ ಹೋಗಬೇಕಲ್ಲ ಎಂಬ ಭಯ. ಅಕ್ಕ ಮುಂದೆ, ನಾನು ಹಿಂದೆ. ಐವತ್ತು ವರ್ಷದಿಂದ ಹೀಗೇ ನಡೆದು ಬಂದಿದೆ. ಸೀಬೆಮರದ ಬುಡದಲ್ಲಿ ನಿಂತವಳು ನಾನು ತಾನೇ.

ಬೆಳಿಗ್ಗೆ ಅಲ್ಲಿಗೆ ಹೋದಾಗ ಮೊದಲು ಮೈಮೇಲಿನ ಒಡವೆ ಬಿಚ್ಚಿ ಲಾಕರಿನಲ್ಲಿಡಬೇಕು ಅಂದರು. ಬಳೆ, ಓಲೆ, ವಾಚು, ಕತ್ತಿನಲ್ಲಿದ್ದದ್ದು ಎಲ್ಲಾ. ಅಕ್ಕ ಮಾಂಗಲ್ಯ ಬಿಚ್ಚಲು ಒಂದು ಗಳಿಗೆ ಹಿಂದೆಮುಂದೆ ನೋಡಿದಳು. "ಆಪರೇಷನ್ ಮಾಡುವಾಗಲೂ ತೆಗೀತಾರೆ ತಾನೇ, ದೊಡ್ಡಮ್ಮ" ಎಂದು ಮಗಳು ಸಮಾಧಾನ ಮಾಡಿದಳು. ಸರಿ ಅಂತ ಅಕ್ಕ ಕೊಂಡಿ ಬಿಚ್ಚುವುದಕ್ಕೆ ಎರಡೂ ಕೈ ಕತ್ತಿನ ಹಿಂದಕ್ಕೆ ಒಯ್ದಳು. ಎಡಗೈ ಹೋಯಿತು. ಬಲಗೈ ಅರ್ಧಕ್ಕೆ ನಿಂತಿತು. ಮುಖ ಕಿವುಚಿಕೊಂಡು, ತಕ್ಷಣ ನಗುವಿನಲ್ಲಿ ಮುಚ್ಚಿಹಾಕಿದಳು. ಕೊನೆಗೆ ನಾನೇ ಕೊಂಡಿ ಬಿಚ್ಚಿದೆ.

ಕೈಯಲ್ಲಿ ಅವಳ ಸರ ಹಿಡಿದುಕೊಂಡೇ ಕೌಂಟರಿನ ಹುಡುಗಿಗೆ ಹೇಳಿಬಿಟ್ಟೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ "ಅಕ್ಕನ ಭುಜ, ಎರಡು ಸಲ" ಎನ್ನುವಷ್ಟು ಬಂತು.

ಆ ಹುಡುಗಿ ತುಂಬಾ ನಯವಾಗಿಯೇ ಹೇಳಿದಳು, ಇವರನ್ನು ಬಿಡುವುದಕ್ಕೆ ಆಗುವುದಿಲ್ಲ ಎಂದು. ಅಕ್ಕ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬೈಯಲಿಲ್ಲ. "ನೀನು ಹೋಗು. ದುಡ್ಡು ದಂಡ ಆಗಬಾರದು" ಎಂದಷ್ಟೇ ಹೇಳಿ ನೋಡುವವರಿಗೆ ಹಾಕಿದ್ದ ಬೆಂಚಿನ ಮೇಲೆ ಹೋಗಿ ಕೂತಳು. ಅವಳ ಜಾಗದಲ್ಲಿ ಅಳಿಯಂದಿರು ಬಂದರು.

ಭುಜಕ್ಕೇ ಏಕೆ ಇಷ್ಟು ಎಚ್ಚರಿಕೆ?

ಆಮೇಲೆ ನಾನು ಕೇಳಿ ತಿಳಿದುಕೊಂಡದ್ದು ಇದು. ಭುಜದ ಕೀಲು ಎಂದರೆ ದೊಡ್ಡ ಗುಂಡನ್ನು ಚಿಕ್ಕ ತಟ್ಟೆಯಲ್ಲಿ ಇಟ್ಟ ಹಾಗೆ. ತಟ್ಟೆ ಆಳವಿಲ್ಲ. ಅದಕ್ಕೇ ಕೈ ಸುತ್ತಲೂ ತಿರುಗುತ್ತದೆ, ಅದಕ್ಕೇ ಬೇಗ ತಪ್ಪುತ್ತದೆ ಕೂಡ. ನಮ್ಮ ಮೈಯ ದೊಡ್ಡ ಕೀಲುಗಳಲ್ಲಿ ಹೆಚ್ಚಾಗಿ ತಪ್ಪುವುದು ಇದೇ. ಒಂದು ಸಲ ತಪ್ಪಿದರೆ ಸುತ್ತ ಹಿಡಿದಿಡುವ ನಾರುಗಳು ಸಡಿಲವಾಗುತ್ತವೆ, ಮತ್ತೆ ತಪ್ಪುವ ಸಂಭವ ಇರುತ್ತದೆ.

ಈಗ ಸುರಂಗದಲ್ಲಿ ಹೇಗೆ ಮಲಗಬೇಕು ನೋಡಿ. ಎರಡೂ ತೋಳು ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ, ಅಂಗೈಗಳು ತಲೆಯ ಮಟ್ಟಕ್ಕೆ ಬರಬೇಕು. ಪೊಲೀಸರು "ಹ್ಯಾಂಡ್ಸ್ ಅಪ್" ಎಂದಾಗ ಎತ್ತುವ ಹಾಗೆ. ಕೆಳಗಿನಿಂದ ಗಾಳಿ ಆ ಕೈಗಳನ್ನು ಬೆನ್ನ ಕಡೆಗೆ ನೂಕುತ್ತಲೇ ಇರುತ್ತದೆ. ಭುಜ ಮುಂದಕ್ಕೆ ಜಾರುವುದು ಸರಿಯಾಗಿ ಈ ಭಂಗಿಯಲ್ಲೇ. ಬಕೆಟ್ ಎತ್ತುವುದೇ ಬೇರೆ, ಇದೇ ಬೇರೆ. ಬಕೆಟ್ ಎತ್ತುವಾಗ ಕೈ ಕೆಳಗಿರುತ್ತದೆ. ಎತ್ತರದ ತಂತಿಗೆ ಬಟ್ಟೆ ಹಾಕುವಾಗ, ಹಿಂದಿನ ಹುಕ್ಕು ಹಾಕಿಕೊಳ್ಳುವಾಗ, ಜಡೆ ಹೆಣೆದುಕೊಳ್ಳುವಾಗ ಭುಜ "ಇನ್ನೇನು ಜಾರಿತು" ಅನ್ನಿಸುತ್ತದೆಯೇ? ಹಾಗಿದ್ದರೆ ಭುಜ ಗುಣವಾಗಿಲ್ಲ, ನಾವು ಅದಕ್ಕೆ ಹೊಂದಿಕೊಂಡಿದ್ದೇವೆ ಅಷ್ಟೆ.

ನಾವು ಹೆಂಗಸರು ಈ ಹೊಂದಿಕೊಳ್ಳುವುದರಲ್ಲಿ ಎತ್ತಿದ ಕೈ ಅಲ್ಲವೇ? ನೋವಿದ್ದರೆ ಆ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ರೊಟ್ಟಿ ತಟ್ಟುತ್ತೇವೆ. ಯಾರಾದರೂ ಕೇಳಿದರೆ "ಏನೂ ಇಲ್ಲ" ಎನ್ನುತ್ತೇವೆ. ಆ ಮಾತು ಅಡುಗೆಮನೆಯಲ್ಲಿ ನಡೆದೀತು, ಗಂಟೆಗೆ 160 ಕಿಲೋಮೀಟರ್ ದಾಟಿದ ಗಾಳಿಯ ಎದುರು ನಡೆಯುವುದಿಲ್ಲ.

ಮೊದಲ ನಿಮಿಷ: ಮುದುರಿದ ಮುಷ್ಟಿ

ಹಾರುವ ಮೊದಲು ಒಂದು ಪಾಠ ಇರುತ್ತದೆ. ಒಳಗೆ ಗಾಳಿಯ ಸದ್ದಿಗೆ ಏನೂ ಕೇಳಿಸುವುದಿಲ್ಲ, ಕಿವಿಗೂ ಬೆಣೆ ಹಾಕಿರುತ್ತಾರೆ. ಅದಕ್ಕೆ ಕೈಸನ್ನೆ. ತೋರುಬೆರಳು, ನಡುಬೆರಳು ನೆಟ್ಟಗೆ ತೋರಿಸಿದರೆ ಕಾಲು ಚಾಚಬೇಕು. ಅದೇ ಎರಡು ಬೆರಳು ಮಡಚಿದರೆ ಮಂಡಿ ಮಡಚಬೇಕು. ಗಲ್ಲದ ಕಡೆ ಬೆರಳು ತೋರಿಸಿದರೆ ತಲೆ ಎತ್ತಬೇಕು. ಹೆಬ್ಬೆರಳು, ಕಿರುಬೆರಳು ಮಾತ್ರ ಚಾಚಿ ಕೈ ಅಲ್ಲಾಡಿಸಿದರೆ "ಮೈ ಸಡಿಲ ಬಿಡಿ" ಎಂದು ಅರ್ಥ.

ನನಗೆ ಅತಿ ಹೆಚ್ಚು ಸಲ ತೋರಿಸಿದ್ದು ಈ ಕೊನೆಯದನ್ನೇ!

ಮೇಲುಡುಪು, ಕನ್ನಡಕ, ಹೆಲ್ಮೆಟ್ಟು ಹಾಕಿಕೊಂಡು ಸಾಲಾಗಿ ಕೂತೆವು. ನನ್ನ ಸರದಿ ಬಂತು. ಬಾಗಿಲಲ್ಲಿ ನಿಂತು, ಕೈ ಎತ್ತಿ, ಸುಮ್ಮನೆ ಮುಂದಕ್ಕೆ ವಾಲಬೇಕು. ಜಿಗಿಯಬಾರದು. ಕೆಳಗೆ ಬಲೆ ಕಾಣುತ್ತದೆ, ಮೈ ವಾಲುವುದಕ್ಕೆ ಒಪ್ಪುವುದಿಲ್ಲ. ಬಿದ್ದರೆ ಮೂಗು ಜಜ್ಜಿಹೋಗುತ್ತದೆ ಎಂದು ಮನಸ್ಸು ಕೂಗುತ್ತದೆ. ಕಣ್ಣು ಮುಚ್ಚಿ ವಾಲಿದೆ. ಬೀಳಲಿಲ್ಲ! ಗಾಳಿ ಹಿಡಿದುಕೊಂಡಿತು.

ಹಿಡಿದುಕೊಂಡರೂ ನಾನು ಬಿಡಬೇಕಲ್ಲ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಮೊಣಕೈ ಮುದುರಿ, ಭುಜ ಕಿವಿಗೆ ತಾಗಿಸಿಕೊಂಡಿದ್ದೆ. ಕೆಳಗೆ ಏನಿದೆ ಎಂದು ತಲೆ ಬಗ್ಗಿಸಿ ನೋಡಿದೆ, ಮೈ ಮುಂದಕ್ಕೆ ಮುಗ್ಗರಿಸಿತು. ಒಂದು ಕಾಲು ಮಡಚಿತ್ತು, ಒಂದು ಚಾಚಿತ್ತು. ಗಾಣದೆತ್ತಿನಂತೆ ಗಿರ್ರನೆ ಸುತ್ತತೊಡಗಿದೆ. ತರಬೇತುದಾರ ಹುಡುಗ ನನ್ನ ಉಡುಪಿನ ಹಿಡಿ ಹಿಡಿದುಕೊಂಡೇ ಇದ್ದ. ಹೆಬ್ಬೆರಳು, ಕಿರುಬೆರಳು ಅಲ್ಲಾಡಿಸಿದ. ನಾನು ಇನ್ನೂ ಬಿಗಿಯಾದೆ.

ಯಾಕೆ ಹೀಗಾಗುತ್ತದೆ ಗೊತ್ತೇ? ಗಾಳಿಗೆ ಅಗಲವಾದ ಮೈ ಬೇಕು. ಮುದುರಿಕೊಂಡರೆ ಗಾಳಿ ತಾಗುವ ಜಾಗ ಕಡಿಮೆಯಾಗಿ ಕೆಳಗಿಳಿಯುತ್ತೇವೆ. ಎಡಬಲ ಸಮ ಇಲ್ಲದಿದ್ದರೆ ತಿರುಗುತ್ತೇವೆ. ಕಾಲು ಚಾಚಿದರೆ ಮುಂದೆ, ಮಡಚಿದರೆ ಹಿಂದೆ ಸರಿಯುತ್ತೇವೆ. ಅಲ್ಲಿ ಶಕ್ತಿ ಹಾಕಿದಷ್ಟೂ ಕೆಡುತ್ತದೆ.

ನಿಮಿಷ ಮುಗಿಯಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಕೈ ನಡುಗುತ್ತಿತ್ತು. ಇನ್ನೊಂದು ಸರದಿ ಬಾಕಿ ಇತ್ತು. ಬೇಡ ಅಂದುಬಿಡೋಣ ಎಂದುಕೊಂಡು ಗಾಜಿನಾಚೆ ನೋಡಿದೆ. ಅಕ್ಕ ಬೆಂಚಿನಿಂದ ಎದ್ದು ಗಾಜಿನ ಹತ್ತಿರಕ್ಕೇ ಬಂದು ನಿಂತಿದ್ದಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು. ಎಡಗೈ ಎತ್ತಿ, ಮುಷ್ಟಿ ಬಿಗಿದು ತೋರಿಸಿ, ಆಮೇಲೆ ಬೆರಳು ಒಂದೊಂದಾಗಿ ಬಿಚ್ಚಿ ತೋರಿಸಿದಳು. ಚಿಕ್ಕವಳಿದ್ದಾಗ ನನಗೆ ಉಯ್ಯಾಲೆ ಕಲಿಸುತ್ತಾ, "ಹಗ್ಗ ಅಷ್ಟು ಬಿಗಿಯಾಗಿ ಹಿಡೀಬೇಡ್ವೇ, ಕೈ ಬೊಬ್ಬೆ ಬರುತ್ತೆ" ಅಂತಿದ್ದಳಲ್ಲ, ಅದೇ ಅಕ್ಕ.

ಎರಡನೇ ನಿಮಿಷ

ಈ ಸಲ ಬೆರಳು ಬಿಚ್ಚಿಕೊಂಡೇ ವಾಲಿದೆ. ಎದುರಿಗೆ ನೋಡಿದೆ, ಕೆಳಗಲ್ಲ. ಉಸಿರು ಮೂಗಿನಿಂದ ನಿಧಾನಕ್ಕೆ ಬಿಟ್ಟೆ. ಭುಜ ತಾನಾಗಿ ಇಳಿಯಿತು. ತರಬೇತುದಾರ ಕೈ ಬಿಟ್ಟ. ಬಿಟ್ಟದ್ದು ನನಗೆ ಗೊತ್ತಾದದ್ದೇ ಅವನ ಎರಡೂ ಕೈ ಮುಂದೆ ಕಂಡಾಗ!

ಬೀಳುವ ಭಾವನೆ ಸ್ವಲ್ಪವೂ ಇಲ್ಲ. ಜಾತ್ರೆಯ ತೊಟ್ಟಿಲು ಇಳಿಯುವಾಗ ಹೊಟ್ಟೆಯಲ್ಲಿ ಚಿಟ್ಟೆ ಬಿಟ್ಟಂತಾಗುತ್ತದಲ್ಲ, ಅದು ಇಲ್ಲಿಲ್ಲ. ಯಾಕೆಂದರೆ ನಾವು ಬೀಳುತ್ತಲೇ ಇಲ್ಲ. ಕೆರೆಯಲ್ಲಿ ಬೆನ್ನು ಮೇಲೆ ಮಾಡಿ ತೇಲಿದ ಹಾಗೆ, ಆದರೆ ನೀರು ಇಲ್ಲ, ಒದ್ದೆ ಇಲ್ಲ. ಎಷ್ಟು ಹೊತ್ತು? ಹೆಚ್ಚೆಂದರೆ ಹದಿನೈದು ಸೆಕೆಂಡು ಒಬ್ಬಳೇ ಇದ್ದಿರಬಹುದು. ನನ್ನ 68 ಕಿಲೋವನ್ನು ಯಾರೂ ಹೊರಲಿಲ್ಲ, ನಾನೂ ಹೊರಲಿಲ್ಲ. ಅಷ್ಟು ವರ್ಷದಲ್ಲಿ ಹಾಗನ್ನಿಸಿದ್ದು ಅದೇ ಮೊದಲು.

ಹೊರಬಂದಾಗ ಮಗಳು ತಬ್ಬಿಕೊಂಡಳು, ಅಳಿಯಂದಿರು ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ, "ಮೊದಲನೇ ಸಲ ಕೋಳಿ ಥರ ಇದ್ದೆ. ಎರಡನೇದು ಪರವಾಗಿಲ್ಲ" ಅಂದಳು. ಅವತ್ತು ಸಂಜೆತನಕ ಅಷ್ಟೇ ಮಾತು.

ಇವರೂ ಹಾರಿದವರೇ

ಇದೆಲ್ಲಾ ಹುಡುಗರ ಆಟ ಎನ್ನುವವರಿಗೆ ಒಂದೆರಡು ಹೆಸರು ಹೇಳಬೇಕು. ನಾನು ಹಾರಿದ ಅದೇ ಸುರಂಗದಲ್ಲಿ ಪುಟ್ಟ ಹುಡುಗಿಯಾಗಿದ್ದಾಗಲೇ ಹಾರಲು ಕಲಿತವಳು ಸಿಂಗಪುರದ ಕೈರಾ ಪೋ. 2017ರಲ್ಲಿ ಸ್ಪೇನಿನಲ್ಲಿ ನಡೆದ ವಿಂಡ್ ಗೇಮ್ಸ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದಾಗ ಅವಳಿನ್ನೂ ಹದಿಹರೆಯದ ಹುಡುಗಿ.

ನಮ್ಮ ದೇಶದ ರೇಚಲ್ ಥಾಮಸ್ 1979ರಲ್ಲಿ ಮೊದಲ ಸಲ ಆಕಾಶದಿಂದ ಜಿಗಿದವರು. 2002ರಲ್ಲಿ ಉತ್ತರ ಧ್ರುವದ ಮೇಲೆ ಜಿಗಿದಾಗ ಅವರು ನಲವತ್ತು ದಾಟಿದ್ದರು. 2005ರಲ್ಲಿ ಪದ್ಮಶ್ರೀ ಬಂತು. ಪುಣೆಯ ಶೀತಲ್ ಮಹಾಜನ್ 2018ರಲ್ಲಿ ಥಾಯ್ಲೆಂಡಿನಲ್ಲಿ ಮರಾಠಿ ಒಂಬತ್ತು ಗಜದ ಸೀರೆ ಉಟ್ಟುಕೊಂಡೇ ಜಿಗಿದರು! (ಅವರು ಪಳಗಿದವರು. ನಾವು ಪ್ಯಾಂಟಿನಲ್ಲೇ ಹೋಗೋಣ.)

ಸುರಂಗಕ್ಕಾಗಿ ವಿದೇಶಕ್ಕೇ ಹೋಗಬೇಕೆಂದಿಲ್ಲ. ಹೈದರಾಬಾದಿನಲ್ಲೂ ಇಂಥದ್ದು ಶುರುವಾಗಿದೆ. ನಮ್ಮ ಸೇನೆಯೂ 2024ರಲ್ಲಿ ಹಿಮಾಚಲದ ಬಕ್ಲೋಹ್‌ನಲ್ಲಿ ಯೋಧರ ತರಬೇತಿಗೆಂದೇ ಒಂದು ಸುರಂಗ ಆರಂಭಿಸಿತು.

ನಿಮ್ಮ ಅನುಮಾನಗಳಿಗೆ

*ಅಷ್ಟು ಗಾಳಿಯಲ್ಲಿ ಉಸಿರು ಕಟ್ಟುವುದಿಲ್ಲವೇ?* ಇಲ್ಲ. ಗಾಬರಿಯಲ್ಲಿ ನಾವೇ ಉಸಿರು ಹಿಡಿದುಕೊಳ್ಳುತ್ತೇವೆ. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಿ. ಬಾಯಿ ತೆರೆದರೆ ಎಂಜಲು ಹಾರಿ ಮುಖಕ್ಕೆಲ್ಲಾ ಮೆತ್ತುತ್ತದೆ, ಫೋಟೋ ಕೆಡುತ್ತದೆ.

*ಎತ್ತರ ಕಂಡರೆ ಭಯ?* ಮೊದಲ ಸಲ ಹಾರುವವರು ಬಲೆಯಿಂದ ಹೆಚ್ಚು ಮೇಲೆ ಹೋಗುವುದಿಲ್ಲ. ತರಬೇತುದಾರ ನಿಂತುಕೊಂಡೇ ನಿಮ್ಮನ್ನು ಹಿಡಿದಿರುತ್ತಾರೆ. ಮೇಲೆ ತನಕ ಕರೆದೊಯ್ಯುವುದು ಬೇರೆಯೇ ಟಿಕೆಟ್. ಬೇಡವಾದರೆ ಬೇಡ ಅನ್ನಿ.

*ಪರಪುರುಷ ಹಿಡಿದುಕೊಳ್ಳುವುದು ಮುಜುಗರ ಅಲ್ಲವೇ?* ಹಿಡಿಯುವುದು ಹೆಚ್ಚಾಗಿ ಉಡುಪಿನ ಹಿಡಿಯನ್ನು. ಮುಜುಗರ ಅನ್ನಿಸಿದರೆ ಮಹಿಳಾ ತರಬೇತುದಾರರು ಇದ್ದಾರೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿದೆ?

*ತೂಕ ಜಾಸ್ತಿ ಇದ್ದರೆ?* ತೂಕಕ್ಕೆ ಒಂದು ಮಿತಿ ಇರುತ್ತದೆ, ಒಂದೊಂದು ಕಡೆ ಒಂದೊಂದು ಥರ. ಅದು ಅವಮಾನ ಮಾಡುವುದಕ್ಕಲ್ಲ. ನೀವು ಮುಗ್ಗರಿಸಿದರೆ ತರಬೇತುದಾರ ನಿಮ್ಮನ್ನು ಹಿಡಿಯಲು ಆಗಬೇಕಲ್ಲ, ಅದಕ್ಕೆ. ಐದು ಕಿಲೋ ಕಡಿಮೆ ಹೇಳಬೇಡಿ.

ಹೊರಡುವ ಮುನ್ನ ನೆನಪಿಡಿ

• ಭುಜ ಒಮ್ಮೆಯಾದರೂ ತಪ್ಪಿದ್ದರೆ, ಗರ್ಭಿಣಿಯಾಗಿದ್ದರೆ, ಮೂಳೆ ಮುರಿದು ಕಟ್ಟು ಹಾಕಿದ್ದರೆ ಬೇಡವೇ ಬೇಡ. ಹೃದಯದ ತೊಂದರೆ, ಬೆನ್ನು ಅಥವಾ ಕುತ್ತಿಗೆ ನೋವು, ಇತ್ತೀಚಿನ ಆಪರೇಷನ್ ಇದ್ದರೆ ವೈದ್ಯರನ್ನು ಕೇಳದೆ ಟಿಕೆಟ್ ತೆಗೆಯಬೇಡಿ.

• ಆರೋಗ್ಯದ ಅರ್ಜಿಯನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಹೇಳಿಸಿಕೊಂಡು ನೀವೇ ಉತ್ತರಿಸಿ. ಸಹಿ ನಿಮ್ಮದು.

• ಪ್ರವಾಸದ ವಿಮೆ ಮಾಡಿಸಿದ್ದರೆ ಸಾಹಸದ ಆಟಗಳೂ ಅದರಲ್ಲಿ ಸೇರಿವೆಯೇ ನೋಡಿ. ಸುಳ್ಳು ಬರೆದರೆ ವಿಮೆಯ ಹಣ ಸಿಗುವುದು ಕಷ್ಟವಾಗಬಹುದು.

• ಒಡವೆ ಮನೆಯಲ್ಲೇ ಬಿಚ್ಚಿಟ್ಟು ಹೋದರೆ ಒಳ್ಳೆಯದು. ಕಳಚಿ ಹಾರಿದ ಓಲೆ ಇನ್ನೊಬ್ಬರ ಕಣ್ಣಿಗೆ ಬಡಿದೀತು. ಮೂಗುತಿ ಬಿಚ್ಚಲು ಬಾರದಿದ್ದರೆ ಮೊದಲೇ ವಿಚಾರಿಸಿ.

• ಜಡೆ ಹೆಣೆದು ಉಡುಪಿನೊಳಗೆ ಸೇರಿಸಿ. ಹೇರ್‌ಪಿನ್, ಕ್ಲಿಪ್ ಬೇಡ. ಲೇಸ್ ಇರುವ ಬಿಗಿಯಾದ ಶೂ, ಕಾಲುಚೀಲ ಇರಲಿ.

• ಹೊಟ್ಟೆ ಬಿರಿಯ ತಿಂದು ಹೋಗಬೇಡಿ, ಖಾಲಿ ಹೊಟ್ಟೆಯಲ್ಲೂ ಬೇಡ. ಒಂದೆರಡು ಇಡ್ಲಿ ಸಾಕು.

• ಒಂದು ಗಂಟೆ ಮುಂಚೆ ಹೋಗಿ. ನಿಮಗಿಂತ ಮೊದಲು ಹಾರುವವರನ್ನು ನೋಡುತ್ತಾ ಕೂತರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

• ಒಂದೇ ಸರದಿಗೆ ತೀರ್ಮಾನಿಸಬೇಡಿ. ಮೊದಲ ನಿಮಿಷ ಭಯಕ್ಕೇ ಹೋಗುತ್ತದೆ, ಎರಡು ಸರದಿಯ ಟಿಕೆಟ್ ತೆಗೆಯಿರಿ.

• ಮಾರನೇ ದಿನ ತೋಳು, ಕತ್ತು ಹಿಡಿದುಕೊಂಡ ಹಾಗಾಗುವುದು ಸಹಜ. ಬಿಸಿನೀರಿನ ಸ್ನಾನ ಮಾಡಿ. ನೋವು ಎರಡು ಮೂರು ದಿನಕ್ಕೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಆ ರಾತ್ರಿ

ಅವತ್ತು ರಾತ್ರಿ ನಾನೂ ಅಕ್ಕನೂ ಒಂದೇ ಕೋಣೆಯಲ್ಲಿ ಮಲಗಿದ್ದೆವು. ದೀಪ ಆರಿಸಿ ತುಂಬಾ ಹೊತ್ತಾಗಿತ್ತು. ನಿದ್ದೆ ಬಂದಿರಬೇಕು ಅಂದುಕೊಂಡಿದ್ದೆ.

"ಹೇಗಿತ್ತೇ?" ಅಂದಳು.

ಹೇಳಿದೆ. ವಾಲುವಾಗಿನ ಭಯ, ಮುಖಕ್ಕೆ ಬಡಿಯುವ ಗಾಳಿ, ಆ ಹುಡುಗ ಕೈ ಬಿಟ್ಟದ್ದು, ಎಲ್ಲಾ ಹೇಳಿದೆ. ನಡುನಡುವೆ ಅವಳು ಬಿಡಿಸಿ ಬಿಡಿಸಿ ಕೇಳಿದಳು. ಕೊನೆಗೆ, "ನೀನು ಹೇಳದೇ ಇದ್ದಿದ್ದರೆ ನಾನು ಹೋಗೇ ಬಿಡ್ತಿದ್ದೆ" ಅಂದಳು.

"ಗೊತ್ತು. ನಿನ್ನೆ ರಾತ್ರಿನೇ ಹೇಳಬೇಕಿತ್ತು" ಅಂದೆ.

"ಹೂಂ. ಅಷ್ಟು ದೂರ ಕರ್ಕೊಂಡು ಹೋಗಿ ಹೇಳಿದೆಯಲ್ಲ, ಅದಕ್ಕೇ ನಂಗೆ ಸಿಟ್ಟು."

ಸರಿಯಾದ ಮಾತೇ. ಜೊತೆಯವರ ಒಳಿತಿಗೆ ಹೇಳಬೇಕಾದದ್ದನ್ನು ಮನೆಯಲ್ಲೇ, ಸಮಯಕ್ಕೆ ಸರಿಯಾಗಿ ಹೇಳಬೇಕು. ಕೌಂಟರಿನ ಮುಂದೆ ಪರದೇಶದ ಹುಡುಗಿಯ ಎದುರು ಹೇಳಿದರೆ ಜೀವ ಉಳಿದರೂ ಮನಸ್ಸು ನೋಯುತ್ತದೆ.

ಊರಿಗೆ ಬಂದ ಮೇಲೆ ಅಕ್ಕ ಮೂಳೆ ಡಾಕ್ಟರಿಗೆ ತೋರಿಸಿದಳು. ಹನ್ನೆರಡು ವರ್ಷದಿಂದ "ಏನೂ ಇಲ್ಲ" ಎಂದವಳು! ಈಗ ಫಿಸಿಯೋಥೆರಪಿ ನಡೆದಿದೆ. ಗೋಡೆಗೆ ಕೈಯೂರಿ, ರಬ್ಬರ್ ಪಟ್ಟಿ ಎಳೆದು ದಿನಾ ವ್ಯಾಯಾಮ. ಗಾಳಿ ಸುರಂಗಕ್ಕೆ ಡಾಕ್ಟರು ಒಪ್ಪಿಲ್ಲ, ಒಪ್ಪುವ ಹಾಗೂ ಕಾಣುವುದಿಲ್ಲ. ಆದರೆ ಹೋದ ವಾರ ಫೋನ್ ಮಾಡಿ, "ಇವತ್ತು ಜಡೆ ನಾನೇ ಹೆಣೆದುಕೊಂಡೆ ಕಣೇ" ಅಂದಳು.

ನೀವೂ ಒಮ್ಮೆ ಕೈ ಎತ್ತಿ ನೋಡಿಕೊಳ್ಳಿ. ಕತ್ತಿನ ಹಿಂದಿನ ಕೊಂಡಿ ತನಕ ಎರಡೂ ಕೈ ಸಲೀಸಾಗಿ ಹೋಗುತ್ತದೆಯೇ? ಹೋಗುವುದಾದರೆ, ಉಳಿದ ಆರೋಗ್ಯವೂ ನೆಟ್ಟಗಿದ್ದರೆ, ಮಕ್ಕಳು ಟಿಕೆಟ್ ತಂದಾಗ "ನನಗ್ಯಾಕೆ ಇದೆಲ್ಲಾ" ಅನ್ನಬೇಡಿ. ಹೋಗುವುದಿಲ್ಲವೇ? ಹಾಗಾದರೆ ಟಿಕೆಟಿಗಿಂತ ಮೊದಲು ಡಾಕ್ಟರ ಚೀಟಿ ತೆಗೆಯಿರಿ. ಏನಂತೀರಿ?